ಮರದ ನೆರಳಿನ ಮೆಕ್ಯಾನಿಕ್

1925ರ ಏಪ್ರಿಲ್ 15ರಂದು ಫೋರ್ಡ್ ಕಂಪನಿ ಅಮೆರಿಕದ ಮಾರುಕಟ್ಟೆಗೆ ಒಂದು ಹೊಸ ಗಾಡಿ ಬಿಟ್ಟಿತು. ಎರಡು ಸೀಟಿನ ಮಾಡೆಲ್ ಟಿ ಕಾರು. ಅದರ ಬೆನ್ನಿಗೆ ಉಕ್ಕಿನ ಒಂದು ತೊಟ್ಟಿ, ಇಳಿಸಿ ಏರಿಸಬಹುದಾದ ಹಿಂಬಾಗಿಲು, ಹೊರೆ ತಾಳುವಂತೆ ಗಟ್ಟಿಮಾಡಿದ ಹಿಂದಿನ ಸ್ಪ್ರಿಂಗ್ ಪ್ಲೇಟುಗಳು. ಬೆಲೆ 281 ಡಾಲರ್. ಆ ವರ್ಷ ಸುಮಾರು 34 ಸಾವಿರ ಗಾಡಿ ತಯಾರಾದವು. ತೊಟ್ಟಿಯ ಸಮೇತ ಕಾರ್ಖಾನೆಯಿಂದ ಹೊರಬಿದ್ದ ತನ್ನ ಮೊದಲ ಪಿಕಪ್ ಇದು ಎಂದು ಕಂಪನಿ ಹೇಳಿಕೊಳ್ಳುತ್ತದೆ.

ಹೇಳಿಕೊಳ್ಳಲಿ, ತಪ್ಪೇನಿಲ್ಲ. ಆದರೆ ಪಿಕಪ್ಪನ್ನು ಕಂಡುಹಿಡಿದದ್ದು ಕಂಪನಿಯಲ್ಲ. ಅದಕ್ಕೂ ಎಷ್ಟೋ ವರ್ಷ ಮೊದಲೇ ಅಮೆರಿಕದ ರೈತರು ಕಾರಿನ ಹಿಂಭಾಗ ಕಿತ್ತು, ಆ ಜಾಗದಲ್ಲಿ ಹಲಗೆ ಜಡಿದು, ಆಲೂಗಡ್ಡೆ, ಹಾಲಿನ ಕ್ಯಾನು, ಕರುಗಳನ್ನು ಹೇರಿಕೊಂಡು ಪೇಟೆಗೆ ಹೋಗುತ್ತಿದ್ದರು. ಇದನ್ನೇ ಕಂಡು ಕೆಲವರು ವ್ಯಾಪಾರಕ್ಕಿಳಿದರು. ಸ್ಮಿತ್ ಫಾರ್ಮ್-ಎ-ಟ್ರಕ್ ಎಂಬ ಕಿಟ್ ಕೊಂಡರೆ ಸಾಮಾನ್ಯ ಫೋರ್ಡ್ ಕಾರನ್ನು ಒಂದು ಟನ್ ಹೊರುವ ಟ್ರಕ್ಕಾಗಿ ಬದಲಾಯಿಸಬಹುದಿತ್ತು. 1917ರಲ್ಲಿ ಫೋರ್ಡ್ ತಾನೇ ಮಾಡೆಲ್ ಟಿಟಿ ಎಂಬ ಒಂದು ಟನ್ನಿನ ಗಾಡಿ ತಂದಾಗಲೂ 600 ಡಾಲರಿಗೆ ಕೊಟ್ಟದ್ದು ಬರೀ ಚಾಸಿಸ್. ಮೈ ಕಟ್ಟಿಸಿಕೊಳ್ಳುವುದು ಕೊಂಡವನ ಪಾಡು. ಅಂದರೆ ಪಿಕಪ್ ಹುಟ್ಟಿದ್ದೇ ಮನೆಯಂಗಳದಲ್ಲಿ, ಗರಗಸ ಮತ್ತು ಸುತ್ತಿಗೆಯ ಜೊತೆ. ಅದನ್ನು ಮನೆಯಲ್ಲೇ ರಿಪೇರಿ ಮಾಡಿಕೊಳ್ಳುವ ಅಭ್ಯಾಸವೂ ಅಲ್ಲೇ, ಆಗಲೇ ಹುಟ್ಟಿತು.

ನಮ್ಮಲ್ಲಿ 'ಪಿಕಪ್' ಅಂದರೆ ಮೊದಲು ನೆನಪಾಗುವುದು ಗಾಡಿಯ ಚುರುಕು. 'ಯಾಕೋ ಗಾಡಿ ಪಿಕಪ್ ತಗೊಳ್ತಿಲ್ಲ' ಅನ್ನುತ್ತೇವೆ. ತೊಟ್ಟಿಯಿರುವ ಸಣ್ಣ ಟ್ರಕ್ಕು ಎಂಬ ಅರ್ಥ ಆಮೇಲೆ ಬಂದದ್ದು. ಈಗ ಎರಡೂ ಜಗಳವಿಲ್ಲದೆ ಒಟ್ಟಿಗಿವೆ. ಭಾಷಾಶಾಸ್ತ್ರ ಓದಿದವರಿಗೆ ಇಂಥವು ಕಾಣುವುದು ಚಟ, ಕ್ಷಮಿಸಿ. ಆದರೆ ಈ ಬರಹದಲ್ಲಿ ಪದಗಳ ಮಾತು ಮತ್ತೆ ಬರುತ್ತದೆ, ಏಕೆಂದರೆ ಮನೆಯ ರಿಪೇರಿಯ ಚರಿತ್ರೆ ಅರ್ಧ ಸ್ಪ್ಯಾನರಿನದಾದರೆ ಇನ್ನರ್ಧ ಮಾತಿನದು.

1920ರ ಜನಗಣತಿಯ ಹೊತ್ತಿಗೆ ಅಮೆರಿಕದ ನೂರು ಹೊಲಮನೆಗಳಲ್ಲಿ ಸುಮಾರು 30ರಲ್ಲಿ ಕಾರಿತ್ತು. ಟ್ರಕ್ಕು ಇದ್ದದ್ದು ನೂರಕ್ಕೆ ಎರಡರಷ್ಟು ಮಾತ್ರ. ಹಾಗಾಗಿ ಕಾರೇ ಎಲ್ಲ ಕೆಲಸ ಮಾಡಬೇಕಿತ್ತು. ಹಿಂದಿನ ಒಂದು ಚಕ್ರವನ್ನು ಜಾಕಿಯ ಮೇಲೆತ್ತಿ ಬೆಲ್ಟ್ ಹಾಕಿದರೆ ಅದೇ ಕಾರು ಸೌದೆ ಸೀಳುವ ಗರಗಸವನ್ನೂ, ಜೋಳ ಬಿಡಿಸುವ ಯಂತ್ರವನ್ನೂ, ಬಟ್ಟೆ ಒಗೆಯುವ ಯಂತ್ರವನ್ನೂ ಓಡಿಸುತ್ತಿತ್ತು. ರೊನಾಲ್ಡ್ ಕ್ಲೈನ್ ಮತ್ತು ಟ್ರೆವರ್ ಪಿಂಚ್ ಎಂಬ ಇಬ್ಬರು ವಿದ್ವಾಂಸರು 1996ರಲ್ಲಿ ಇದರ ಬಗ್ಗೆ ಒಂದು ಹೆಸರಾಂತ ಲೇಖನ ಬರೆದರು. ಯಂತ್ರ ಏನು ಎಂಬುದನ್ನು ತಯಾರಿಸಿದವರಷ್ಟೇ ಬಳಸುವವರೂ ನಿರ್ಧರಿಸುತ್ತಾರೆ ಎಂಬುದು ಅವರ ವಾದ. ಯಂತ್ರ ಬಿಚ್ಚುವುದು ಗಂಡಸರ ಕೆಲಸ ಎಂಬ ನಂಬಿಕೆ ಬಲವಾದದ್ದೂ ಇದೇ ಅಂಗಳದಲ್ಲಿ ಎಂಬುದನ್ನು ಅವರು ಮರೆಯುವುದಿಲ್ಲ.

ಆ ಗಾಡಿಯನ್ನು ಇಟ್ಟುಕೊಳ್ಳುವುದು ಅಂದರೆ ಏನೆಂದು ಸ್ವಲ್ಪ ವಿವರವಾಗಿ ನೋಡಬೇಕು. ಇಲ್ಲದಿದ್ದರೆ 'ಹಳೇ ಗಾಡಿ ಎಷ್ಟು ಸರಳ' ಎಂಬ ಹಾಡು ಶುರುವಾಗುತ್ತದೆ.

ಮಾಡೆಲ್ ಟಿಯಲ್ಲಿ ಎಣ್ಣೆ ನೋಡುವ ಕಡ್ಡಿ ಇರಲಿಲ್ಲ. ಎಂಜಿನ್ನಿನ ತಳದ ಹಿಂಭಾಗದಲ್ಲಿ ಒಂದರ ಕೆಳಗೊಂದು ಎರಡು ಪುಟ್ಟ ನಲ್ಲಿಗಳಿದ್ದವು. ಗಾಡಿಯ ಕೆಳಗೆ ತೂರಿ ಮೇಲಿನ ನಲ್ಲಿ ತಿರುಗಿಸಿ ಎಣ್ಣೆ ತೊಟ್ಟಿಕ್ಕಿದರೆ ತುಂಬಿದೆ ಎಂದರ್ಥ. ಕೆಳಗಿನದರಲ್ಲೂ ಬರದಿದ್ದರೆ ಗಾಡಿ ಓಡಿಸಬಾರದು. ಪೆಟ್ರೋಲ್ ಎಷ್ಟಿದೆ ಎಂದು ತಿಳಿಯಲು ಸೀಟಿನ ಮೆತ್ತೆ ಎತ್ತಿ ಟ್ಯಾಂಕಿನೊಳಗೆ ಮರದ ಕಡ್ಡಿ ಅದ್ದಬೇಕು. ಪಂಪ್ ಇಲ್ಲ, ಪೆಟ್ರೋಲ್ ತನ್ನ ತೂಕಕ್ಕೆ ತಾನೇ ಇಳಿದು ಎಂಜಿನ್ ಸೇರಬೇಕು. ಹಾಗಾಗಿ ಟ್ಯಾಂಕ್ ಅರೆಬರೆ ಇದ್ದಾಗ ಕಡಿದಾದ ಏರು ಎದುರಾದರೆ ಗಾಡಿಯನ್ನು ತಿರುಗಿಸಿ ರಿವರ್ಸಿನಲ್ಲಿ ಹತ್ತಿಸುತ್ತಿದ್ದರು. ಗೇರ್‌ಪೆಟ್ಟಿಗೆಯೊಳಗೆ ಮೂರು ಪಟ್ಟಿಗಳು, ಒಂದು ಮುಂದಕ್ಕೆ, ಒಂದು ಹಿಂದಕ್ಕೆ, ಒಂದು ಬ್ರೇಕಿಗೆ. ಪಟ್ಟಿಗಳಿಗೆ ಹತ್ತಿಬಟ್ಟೆಯ ಅಸ್ತರು. ಅದು ಸವೆಯುತ್ತಿತ್ತು, ಆಗಾಗ ಬಿಗಿ ಮಾಡಬೇಕಿತ್ತು, ಕೊನೆಗೆ ಬದಲಾಯಿಸಬೇಕಿತ್ತು. ಬ್ರೇಕಿನ ಪಟ್ಟಿ ಸವೆದವರು ರಿವರ್ಸ್ ಪೆಡಲ್ ಒತ್ತಿಯೇ ಗಾಡಿ ನಿಲ್ಲಿಸುತ್ತಿದ್ದರು.

ಹ್ಯಾಂಡಲ್ ಹೊಡೆದು ಎಂಜಿನ್ ಶುರುಮಾಡುವುದು ಇನ್ನೊಂದು ಅಧ್ಯಾಯ. ಕಿಡಿಯ ಸಮಯವನ್ನು ಹಿಂದಕ್ಕೆ ಸರಿಸುವ ಸನ್ನೆಕೋಲು ಸ್ಟೀರಿಂಗಿನ ಕೆಳಗೆ. ಅದನ್ನು ಸರಿಸಲು ಮರೆತು ಹೊಡೆದರೆ ಎಂಜಿನ್ ಉಲ್ಟಾ ಒದ್ದು ಮಣಿಕಟ್ಟು ಮುರಿಯುತ್ತಿತ್ತು. ಚಳಿಗಾಲದಲ್ಲಿ ಎಣ್ಣೆ ಮಂದವಾಗಿ ಪಟ್ಟಿಗಳು ಅಂಟಿಕೊಂಡು, ಹ್ಯಾಂಡಲ್ ಹೊಡೆದರೆ ಗಾಡಿಯೇ ಮೈಮೇಲೆ ತೆವಳಿ ಬರುತ್ತಿತ್ತು. ಅದಕ್ಕೇ ಹಿಂದಿನ ಒಂದು ಚಕ್ರವನ್ನು ಎತ್ತಿಟ್ಟು ಶುರುಮಾಡುವುದು ವಾಡಿಕೆ. ವಿದ್ಯುತ್ ಸ್ಟಾರ್ಟರ್ ಸಿಗತೊಡಗಿದ್ದು 1919ರಲ್ಲಿ.

ಇದು ಸರಳ ಯಂತ್ರವೇ? ಭಾಗಗಳು ಕಡಿಮೆ, ನಿಜ. ಆದರೆ ಸದಾ ಆರೈಕೆ ಕೇಳುವ ಯಂತ್ರ. ಜನ ಮನೆಯಲ್ಲಿ ರಿಪೇರಿ ಮಾಡಿಕೊಂಡದ್ದು ಹವ್ಯಾಸಕ್ಕಲ್ಲ; ಗಾಡಿ ಪದೇಪದೇ ಕೈಕೊಡುತ್ತಿತ್ತು, ಪೇಟೆ ದೂರವಿತ್ತು, ಕೈಯಲ್ಲಿ ಕಾಸಿರಲಿಲ್ಲ. ಅವರಿಗೆ ಅನುಕೂಲವಾದದ್ದು ಮೂರು ಸಂಗತಿಗಳು. ಹತ್ತೊಂಬತ್ತು ವರ್ಷ, ಒಂದೂವರೆ ಕೋಟಿ ಗಾಡಿ, ಮೂಲ ಎಂಜಿನ್ ಮಾತ್ರ ಅದೇ. ಬಿಡಿಭಾಗಗಳು ಹಾರ್ಡ್‌ವೇರ್ ಅಂಗಡಿಯಲ್ಲೂ ಸಿಯರ್ಸ್ ಕಂಪನಿಯ ಅಂಚೆ ಕ್ಯಾಟಲಾಗಿನಲ್ಲೂ ಸಿಗುತ್ತಿದ್ದವು. ಮೂರನೆಯದು ಒಂದು ಪುಸ್ತಕ.

ಗಾಡಿಯ ಜೊತೆ ಫೋರ್ಡ್ ಕೊಡುತ್ತಿದ್ದ ಕೈಪಿಡಿ ಪ್ರಶ್ನೋತ್ತರ ರೂಪದಲ್ಲಿತ್ತು. ಪ್ರಶ್ನೆ ಮಾಲೀಕನದು, ಉತ್ತರ ಕಂಪನಿಯದು. ಗಾಡಿ ಶುರುಮಾಡುವ ಮೊದಲು ಏನು ಮಾಡಬೇಕು ಎಂಬಲ್ಲಿಂದ ಆರಂಭಿಸಿ, ಎಂಜಿನ್ನಿನ ಹೆಡ್ ಬಿಚ್ಚಿ ಕಾರ್ಬನ್ ಕೆರೆಯುವುದು ಹೇಗೆ, ವಾಲ್ವ್ ಉಜ್ಜಿ ಕೂರಿಸುವುದು ಹೇಗೆ, ಪಟ್ಟಿ ಬಿಗಿ ಮಾಡುವುದು ಹೇಗೆ ಎಂಬಲ್ಲಿಯವರೆಗೆ ಹೋಗುತ್ತಿತ್ತು. ಇಂದು ವಾಲ್ವ್ ಉಜ್ಜುವ ಕ್ರಮವನ್ನು ಮಾಲೀಕನಿಗೆ ಹೇಳಿಕೊಡುವ ಕಾರು ಕಂಪನಿ ಇದೆಯೇ? ಪ್ರಶ್ನೋತ್ತರದ ರೂಪವೇ ಒಂದು ವಿಷಯವನ್ನು ಒಪ್ಪಿಕೊಂಡಿರುತ್ತದೆ: ಕೇಳುವವನಿಗೆ ಕೇಳುವ ಹಕ್ಕಿದೆ, ಉತ್ತರ ಅವನಿಗೆ ಅರ್ಥವಾಗುತ್ತದೆ, ಅರ್ಥವಾದ ಮೇಲೆ ಕೆಲಸ ಅವನೇ ಮಾಡುತ್ತಾನೆ.

ನಾನು ಹೊಟ್ಟೆಪಾಡಿಗೆ ಮಾಡುವ ಅನುವಾದಗಳಲ್ಲಿ ವಾಹನದ ಕೈಪಿಡಿಗಳೂ ಇವೆ. ಯಾವ ಕಂಪನಿಯದು ಎಂಬುದು ಬೇಡ, ಎಲ್ಲವೂ ಒಂದೇ. ನೂರಾರು ಪುಟಗಳ ಆ ಗ್ರಂಥದಲ್ಲಿ ಗಾಡಿ ಕೆಟ್ಟಾಗ ಮಾಲೀಕನಿಗೆ ಉಳಿದಿರುವ ಕ್ರಿಯಾಪದ ಬಹುಪಾಲು ಒಂದೇ: 'ಸಂಪರ್ಕಿಸಿ'. ಯಾರನ್ನು? ಅಧಿಕೃತ ಸೇವಾ ಕೇಂದ್ರವನ್ನು. ಅನುವಾದದ ಲೆಕ್ಕದಲ್ಲಿ ಮರುಕಳಿಸುವ ವಾಕ್ಯಗಳಿಗೆ ದರ ಕಡಿಮೆ, ಹಾಗಾಗಿ ಆ ವಾಕ್ಯದಿಂದ ನನಗೂ ನಷ್ಟವೇ.

ಮತ್ತೆ ಅಮೆರಿಕಕ್ಕೆ. ಶೆವರ್ಲೆ 1929ರ ಮಾಡೆಲ್‌ಗಳಿಗೆ ಆರು ಸಿಲಿಂಡರಿನ ಹೊಸ ಎಂಜಿನ್ ತಂದಿತು, ನಾಲ್ಕರ ಬೆಲೆಗೆ ಆರು ಎಂಬ ಜಾಹೀರಾತಿನೊಂದಿಗೆ. ಅದರಲ್ಲಿದ್ದ ಗೀಟುತಲೆಯ ಬೋಲ್ಟುಗಳು ಅಡುಗೆಮನೆಯ ಕಬ್ಬಿಣದ ಒಲೆಯ ಬೋಲ್ಟುಗಳಂತೆ ಕಾಣುತ್ತಿದ್ದುದರಿಂದ ಜನ ಅದನ್ನು 'ಸ್ಟೋವ್‌ಬೋಲ್ಟ್ ಸಿಕ್ಸ್' ಎಂದರು. ಒಲೆ ರಿಪೇರಿ ಮಾಡಿ ಗೊತ್ತಿದ್ದವನಿಗೆ ಈ ಹೆಸರು ಹೆದರಿಕೆ ಹುಟ್ಟಿಸುವುದಿಲ್ಲ. ಮುಂದಿನ ಎರಡೂವರೆ ದಶಕ ಶೆವರ್ಲೆ ಪಿಕಪ್ಪುಗಳು ಈ ಎಂಜಿನ್ನಿನ ವಂಶದ ಮೇಲೇ ಓಡಿದವು. ಇದರ ಬಂಧುಗಳು ನಮ್ಮಲ್ಲಿಗೂ ಬಂದಿವೆ: ಜನರಲ್ ಮೋಟಾರ್ಸ್ 1928ರಲ್ಲಿ ಮುಂಬಯಿಯ ಶಿವ್ಡಿಯಲ್ಲಿ ಜೋಡಣಾ ಕಾರ್ಖಾನೆ ತೆರೆದು, ಶೆವರ್ಲೆ ಕಾರು ಲಾರಿಗಳನ್ನು 1954ರವರೆಗೆ ಅಲ್ಲಿ ಕೂಡಿಸಿ ಹೊರಗೆ ಬಿಡುತ್ತಿತ್ತು. ಹಾರ್ಬರ್ ಲೈನಿನಲ್ಲಿ ದಿನಾ ಓಡಾಡುವ ನಮ್ಮ ಓದುಗರು ಒಮ್ಮೆ ಕಿಟಕಿಯಿಂದ ನೋಡಿಯಾರು.

ಸ್ಟೋವ್‌ಬೋಲ್ಟಿನ ಹೊಟ್ಟೆಯೊಳಗೆ ನನಗೆ ಬಹಳ ಇಷ್ಟವಾದ ಒಂದು ಏರ್ಪಾಡಿದೆ. ಪ್ರತಿ ಕನೆಕ್ಟಿಂಗ್ ರಾಡಿನ ಬುಡದಲ್ಲಿ ಒಂದು ಪುಟ್ಟ ಸೌಟು. ಎಂಜಿನ್ ಸುತ್ತಿದಂತೆ ಆ ಸೌಟು ಕೆಳಗಿನ ಎಣ್ಣೆಯ ಬಾನಿಯಲ್ಲಿ ಅದ್ದಿ, ತನ್ನ ಬೇರಿಂಗಿಗೆ ತಾನೇ ಎಣ್ಣೆ ಮೊಗೆದುಕೊಳ್ಳುತ್ತಿತ್ತು. ಬೇರಿಂಗ್ ಅಂದರೆ ಬ್ಯಾಬಿಟ್ ಎಂಬ ಮೆದು ಲೋಹದ ಲೇಪ. ನಿಧಾನಕ್ಕೆ ಓಡಿಸಿದರೆ ವರ್ಷಗಟ್ಟಲೆ ಬಾಳುತ್ತದೆ; ಜೋರಾಗಿ ದೂರ ಓಡಿಸಿದರೆ ಸವೆದು, ಎಂಜಿನ್ ಒಳಗಿಂದ ಯಾರೋ ಬಾಗಿಲು ತಟ್ಟಿದಂತೆ ಸದ್ದು. ಆಗ ಮನೆಯವನು ಮಾಡುತ್ತಿದ್ದದ್ದು ಇಷ್ಟು. ಗಾಡಿಯ ಕೆಳಗೆ ಮಲಗಿ, ಎಣ್ಣೆ ಇಳಿಸಿ, ತಳದ ತಟ್ಟೆ ಬಿಚ್ಚಿ, ಸದ್ದು ಮಾಡುವ ರಾಡಿನ ಮುಚ್ಚಳ ತೆಗೆಯುವುದು. ಮುಚ್ಚಳಕ್ಕೂ ರಾಡಿಗೂ ನಡುವೆ ಕಾಗದದಷ್ಟು ತೆಳುವಾದ ಲೋಹದ ಹಾಳೆಗಳಿರುತ್ತವೆ, ಶಿಮ್ ಅನ್ನುತ್ತಾರೆ. ಸವೆದಷ್ಟಕ್ಕೆ ಒಂದೋ ಎರಡೋ ಹಾಳೆ ತೆಗೆದು ಮತ್ತೆ ಬಿಗಿದರೆ ಸಡಿಲ ಹೋಗುತ್ತದೆ. ಲೇಥ್ ಬೇಡ, ವರ್ಕ್‌ಶಾಪ್ ಬೇಡ. ಬೇರಿಂಗ್ ಪೂರ್ತಿ ಹೋದವರು ಸೊಂಟದ ಬೆಲ್ಟಿನ ಚರ್ಮ ಕತ್ತರಿಸಿಟ್ಟು ಮನೆ ಮುಟ್ಟಿದರು ಎಂಬ ಕಥೆಗಳೂ ಹೇರಳ.

ಜಾನ್ ಸ್ಟೈನ್‌ಬೆಕ್‌ನ 'ದಿ ಗ್ರೇಪ್ಸ್ ಆಫ್ ರಾತ್' ಕಾದಂಬರಿ 1939ರಲ್ಲಿ ಬಂದಾಗ ಅಮೆರಿಕದ ಓದುಗರಿಗೆ ಇದೆಲ್ಲ ವಿವರಿಸಿ ಹೇಳಬೇಕಿರಲಿಲ್ಲ. ಬರಗಾಲಕ್ಕೆ ಸಿಕ್ಕಿ ಊರು ಬಿಟ್ಟ ಜೋಡ್ ಕುಟುಂಬದ ಟ್ರಕ್ಕು ನಿಜಕ್ಕೂ ಟ್ರಕ್ಕೇ ಅಲ್ಲ. ಅರ್ಧಕ್ಕೆ ಕತ್ತರಿಸಿ ಹಿಂದೆ ತೊಟ್ಟಿ ಕೂರಿಸಿದ ಹಡ್ಸನ್ ಕಾರು. ದಾರಿಯಲ್ಲಿ ಜೊತೆಗಾರರ ಕಾರಿನ ಬೇರಿಂಗ್ ಹೋಗುತ್ತದೆ. ಅಣ್ಣತಮ್ಮ ಇಬ್ಬರೂ ಗುಜರಿಗೆ ಹೋಗಿ ಹಳೇ ರಾಡ್ ಹುಡುಕಿ ತಂದು, ಹಿತ್ತಾಳೆ ತಂತಿ ಸುತ್ತಿ ಪಿಸ್ಟನ್ ರಿಂಗುಗಳನ್ನು ಒತ್ತಿಹಿಡಿದು, ರಸ್ತೆ ಪಕ್ಕದಲ್ಲೇ ಕೂಡಿಸುತ್ತಾರೆ. ಅನುವಾದ ಮಾಡುವವರು ಆ ಪುಟಗಳನ್ನು ಒಮ್ಮೆ ಓದಬೇಕು. ನಿಘಂಟಿನಲ್ಲಿ ಸಿಗದ ಕನ್ನಡ ಪದಗಳಿಗೆ ಹುಬ್ಬಳ್ಳಿಯ ಯಾವುದಾದರೂ ಗ್ಯಾರೇಜಿಗೇ ಹೋಗಬೇಕಾದೀತು.

ಯುದ್ಧ ಈ ಅಭ್ಯಾಸವನ್ನು ದೇಶದ ಕರ್ತವ್ಯವಾಗಿ ಮಾಡಿತು. ಜಪಾನ್ ಆಗ್ನೇಯ ಏಷ್ಯಾದ ರಬ್ಬರ್ ತೋಟಗಳನ್ನು ವಶಪಡಿಸಿಕೊಂಡಿತು. 1942ರ ಜನವರಿಯಲ್ಲಿ ಅಮೆರಿಕದಲ್ಲಿ ಮೊದಲು ರೇಷನ್‌ಗೆ ಒಳಗಾದದ್ದು ಸಕ್ಕರೆಯಲ್ಲ, ಟೈರು. ಫೆಬ್ರುವರಿಯಲ್ಲಿ ಸಾರ್ವಜನಿಕರಿಗೆ ಕಾರು ತಯಾರಿಸುವುದೇ ನಿಂತಿತು. ಟೈರು ಉಳಿಸಲು ಗಂಟೆಗೆ 35 ಮೈಲಿಯ ವೇಗಮಿತಿ ಬಂತು. ಸ್ಟೋವ್‌ಬೋಲ್ಟಿನ ಸೌಟುಗಳಿಗೆ ಇದು ಹೇಳಿಮಾಡಿಸಿದ ವೇಗ, ಪಾಪ. ಆ ವರ್ಷದ ಕೊನೆಗೆ ಟ್ರಕ್ ಓಡಿಸುವವರು ಯುದ್ಧಕಾಲದ ಅಗತ್ಯದ ಪ್ರಮಾಣಪತ್ರ ಪಡೆಯಬೇಕಾಯಿತು. ಹೊಸ ಪಿಕಪ್ ಸಿಗದು, ಇದ್ದದ್ದು ನಿಲ್ಲಬಾರದು, ಮೆಕ್ಯಾನಿಕ್ ಹುಡುಗರು ಸೈನ್ಯಕ್ಕೆ ಹೋಗಿದ್ದಾರೆ. ಮನೆಯಲ್ಲಿ ಉಳಿದವರು ಕೈಗೆ ಎಣ್ಣೆ ಬಳಿದುಕೊಂಡರು. ನಮ್ಮಲ್ಲಿ ಅದೇ ವರ್ಷಗಳಲ್ಲಿ ಪೆಟ್ರೋಲಿಲ್ಲದೆ ಇದ್ದಿಲಿನ ಗ್ಯಾಸಿನಿಂದ ಬಸ್ಸು ಓಡಿಸಿದ್ದನ್ನು ಹಿರಿಯರಿಂದ ಕೇಳಿರುತ್ತೀರಿ. ಹಿಂದೆ ಒಲೆ ಹೊತ್ತ ಬಸ್ಸು, ಅದಕ್ಕೆ ಗಾಳಿ ಹಾಕಲು ಒಬ್ಬ ಆಳು.

ಯುದ್ಧ ಮುಗಿದ ಮೇಲೆ ಬಂದ ಗಾಡಿಗಳು, 1947ರ ಶೆವರ್ಲೆ ಮತ್ತು 1948ರ ಫೋರ್ಡ್ ಎಫ್-1, ಇಂದು ಅಮೆರಿಕದ ಮನೆಗಳ ಶೆಡ್ಡುಗಳಲ್ಲಿ ಪೂಜೆಗೊಳ್ಳುವ ಗಾಡಿಗಳು. ಮುಂದಿನ ಕಾಲು ಶತಮಾನವೇ ಮನೆ ರಿಪೇರಿಯ ಸುಗ್ಗಿ. ಮರದ ಕೊಂಬೆಗೆ ಚೈನ್ ಕಟ್ಟಿ ಎಂಜಿನ್ ಎತ್ತಿ ಕೆಲಸ ಮಾಡುವವನನ್ನು 'ಮರದ ನೆರಳಿನ ಮೆಕ್ಯಾನಿಕ್' ಅನ್ನುವುದು ಅಲ್ಲಿನ ರೂಢಿ. ಷೋರೂಮಿನವರ ಬಾಯಲ್ಲಿ ಅದು ಬೈಗುಳ, ಹಳ್ಳಿಯವರ ಬಾಯಲ್ಲಿ ಬಿರುದು.

ಆ ಕಾಲದ ಒಂದು ಸಣ್ಣ ಕೆಲಸ ಹೇಳುತ್ತೇನೆ. ಕಿಡಿ ಹುಟ್ಟಿಸುವ ಡಿಸ್ಟ್ರಿಬ್ಯೂಟರಿನೊಳಗೆ 'ಪಾಯಿಂಟ್' ಎಂಬ ಎರಡು ಲೋಹದ ತುದಿಗಳು. ಅವು ತೆರೆದಾಗ ಇರಬೇಕಾದ ಸಂದು ಶೆವರ್ಲೆ ಸಿಕ್ಸ್‌ನಲ್ಲಿ ಹೊಸ ಪಾಯಿಂಟ್‌ಗೆ 0.019 ಇಂಚು, ಹಳೆಯದಕ್ಕೆ 0.016. ಈ ವ್ಯತ್ಯಾಸ ಯಾಕೆ? ಪಾಯಿಂಟನ್ನು ಎತ್ತಿ ಇಳಿಸುವ ಗಟ್ಟಿ ಹಾಳೆಯ ತುಂಡು ಮೊದಲ ಕೆಲವು ದಿನಗಳಲ್ಲಿ ಒಂದಿಷ್ಟು ಸವೆಯುತ್ತದೆ, ಸಂದು ತಾನಾಗಿ ಕಿರಿದಾಗುತ್ತದೆ. ಮುಂದೆ ಸವೆಯುವುದನ್ನು ಇಂದೇ ಲೆಕ್ಕಕ್ಕೆ ಹಿಡಿದ ಅಂಕಿ ಅದು. ಫೀಲರ್ ಗೇಜ್ ಇಲ್ಲದವರು ಬೆಂಕಿಪೊಟ್ಟಣದ ರಟ್ಟನ್ನೇ ತೂರಿಸಿ ಅಳೆದು ಮನೆಗೆ ಬರುತ್ತಿದ್ದರು.

ಬದಲಾದದ್ದು ಯಾವಾಗ? ಕಂಪ್ಯೂಟರ್ ಬಂದಾಗ ಎಂದು ಎಲ್ಲರೂ ಹೇಳುತ್ತಾರೆ, ನಾನು ಅಷ್ಟು ಸಲೀಸಾಗಿ ಒಪ್ಪುವುದಿಲ್ಲ. 1970ರ ಶುದ್ಧ ಗಾಳಿ ಕಾಯ್ದೆಗೆ ಕಾರಣವಿತ್ತು. ಈ ಮುದ್ದಾದ ಹಳೇ ಎಂಜಿನ್ನುಗಳು ಸೀಸ ಬೆರೆತ ಹೊಗೆ ಉಗುಳುತ್ತಿದ್ದವು. ದೆಹಲಿಯ ಚಳಿಗಾಲದಲ್ಲಿ ಉಸಿರಾಡುವ ನಮ್ಮ ಓದುಗರಿಗೆ ಇದನ್ನು ಹೆಚ್ಚು ಹೇಳಬೇಕಿಲ್ಲ. 1975ರ ಸುಮಾರಿಗೆ ಪಾಯಿಂಟ್ ಹೋಗಿ ಎಲೆಕ್ಟ್ರಾನಿಕ್ ಇಗ್ನಿಷನ್ ಬಂತು, ಕ್ಯಾಟಲಿಟಿಕ್ ಕನ್ವರ್ಟರ್ ಬಂತು. ಕಂಪನಿಗಳು ರಂಗೋಲಿ ಕೆಳಗೂ ತೂರಿದವು: 6,000 ಪೌಂಡಿಗಿಂತ ಭಾರದ ಗಾಡಿಗಳಿಗೆ ವಿನಾಯಿತಿ ಇತ್ತು. ಆ ಗೆರೆಯಿಂದ ಸ್ವಲ್ಪವೇ ಮೇಲೆ ನಿಲ್ಲುವಂತೆ ಫೋರ್ಡ್ 1975ರಲ್ಲಿ ತಂದ ಪಿಕಪ್ ಎಫ್-150.

ಇಷ್ಟಾದರೂ ಅಂಗಳದ ಕೆಲಸ ನಿಲ್ಲಲಿಲ್ಲ. ಫೋರ್ಡ್‌ನ 300 ಘನ ಇಂಚಿನ ಆರು ಸಿಲಿಂಡರ್ ಎಂಜಿನ್ 1965ರಿಂದ 1996ರವರೆಗೆ ಬಂತು. ಟೈಮಿಂಗ್ ಬೆಲ್ಟೂ ಇಲ್ಲ, ಚೈನೂ ಇಲ್ಲ, ಹಲ್ಲಿಗೆ ಹಲ್ಲು ಕೂಡುವ ಗೇರು. 1987ರಲ್ಲಿ ಕಾರ್ಬ್ಯುರೇಟರ್ ಹೋಗಿ ಫ್ಯೂಯಲ್ ಇಂಜೆಕ್ಷನ್ ಬಂದ ಮೇಲೂ ಅದನ್ನು ಮನೆಯಲ್ಲೇ ಬಿಚ್ಚಿ ಕೂಡಿಸಿದವರು ಲೆಕ್ಕವಿಲ್ಲ. ಎಲೆಕ್ಟ್ರಾನಿಕ್ಸ್ ಇದ್ದದ್ದು ತೊಂದರೆಯಲ್ಲ. ಅದರ ಮಾತು ಯಾರಿಗೆ ತಿಳಿಯುತ್ತದೆ ಎಂಬುದು ತೊಂದರೆ.

ಆ ಎಂಜಿನ್ ನಿಂತ 1996ರಲ್ಲೇ ಅಮೆರಿಕದಲ್ಲಿ ಮಾರುವ ಎಲ್ಲ ಕಾರು ಮತ್ತು ಸಣ್ಣ ಟ್ರಕ್ಕುಗಳಿಗೆ ಒಬಿಡಿ-2 ಕಡ್ಡಾಯವಾಯಿತು. ಸ್ಟೀರಿಂಗ್ ಕೆಳಗೆ ಎಲ್ಲ ಕಂಪನಿಗಳಿಗೂ ಒಂದೇ ಆಕಾರದ ಸಾಕೆಟ್, ಎಲ್ಲರಿಗೂ ಒಂದೇ ಮೂಲ ಸಂಕೇತಗಳು. ಹೊಗೆಗೆ ಸಂಬಂಧಿಸಿದ ರಿಪೇರಿ ಮಾಹಿತಿಯನ್ನು ಹೊರಗಿನವರಿಗೂ ಕೊಡಬೇಕೆಂದು 1990ರ ತಿದ್ದುಪಡಿಯೇ ಹೇಳಿತ್ತು. ಅಂದರೆ ಬಾಗಿಲು ಮುಚ್ಚಿದ್ದು ಕಾನೂನಲ್ಲ, ಅದು ಒಂದು ಕಿಟಕಿಯನ್ನು ತೆರೆದೇ ಇಟ್ಟಿತ್ತು. ಹೊಗೆಯ ಆಚೆಗಿನದೆಲ್ಲ, ಬ್ರೇಕು, ಗೇರು, ಬಾಗಿಲ ಬೀಗ, ಕಂಪನಿಗಳ ಸ್ವಂತ ಭಾಷೆಯಲ್ಲಿ ಉಳಿಯಿತು.

ಇನ್ನೊಂದು ವಿಚಿತ್ರ. ಅಮೆರಿಕದ ಕೃತಿಸ್ವಾಮ್ಯದ ಕಾನೂನಿನಲ್ಲಿ ಕಂಪ್ಯೂಟರ್ ಪ್ರೋಗ್ರಾಮ್ 'ಸಾಹಿತ್ಯ ಕೃತಿ'ಗಳ ಸಾಲಿಗೆ ಸೇರುತ್ತದೆ. ನಮ್ಮ 1957ರ ಕಾಯ್ದೆಯಲ್ಲೂ ಇಂದು ಹಾಗೇ ಇದೆ. ಹಾಗಾಗಿ ಎಂಜಿನ್ನಿಗೆ ಎಷ್ಟು ಪೆಟ್ರೋಲ್ ಬಿಡಬೇಕೆಂದು ಲೆಕ್ಕ ಹಾಕುವ ಸಾಲುಗಳು ಕಾನೂನಿನ ಕಣ್ಣಿಗೆ ಕಾದಂಬರಿಯ ತಮ್ಮಂದಿರು. 1998ರ ಕಾನೂನು ಇಂಥ ಕೃತಿಗಳ ಡಿಜಿಟಲ್ ಬೀಗ ಒಡೆಯುವುದನ್ನು ನಿಷೇಧಿಸಿತು. ತನ್ನದೇ ಪಿಕಪ್ಪಿನ ತಂತ್ರಾಂಶವನ್ನು ರಿಪೇರಿಗಾಗಿ ತೆರೆಯಲು ಮಾಲೀಕನಿಗೆ 2015ರಲ್ಲಿ ವಿನಾಯಿತಿ ಕೊಟ್ಟದ್ದು ಸಾರಿಗೆ ಇಲಾಖೆಯಲ್ಲ, ಲೈಬ್ರರಿ ಆಫ್ ಕಾಂಗ್ರೆಸ್. ಗ್ರಂಥಾಲಯ! ಟ್ರ್ಯಾಕ್ಟರಿಗೂ ಆಗಲೇ ಸಿಕ್ಕಿತು.

ಅದಕ್ಕೆ ಮೂರು ವರ್ಷ ಮೊದಲು, 2012ರಲ್ಲಿ, ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಈ ಪ್ರಶ್ನೆಯನ್ನು ನೇರವಾಗಿ ಮತಕ್ಕೇ ಹಾಕಿದರು. ಷೋರೂಮಿಗೆ ಕೊಡುವ ರಿಪೇರಿ ಮಾಹಿತಿಯನ್ನೇ ಮಾಲೀಕನಿಗೂ ಬೀದಿಯ ಗ್ಯಾರೇಜಿಗೂ ಕೊಡಬೇಕೇ? ನೂರಕ್ಕೆ ಸುಮಾರು 86 ಮಂದಿ ಹೌದು ಅಂದರು. 2014ರಲ್ಲಿ ಕಂಪನಿಗಳು ಇಡೀ ದೇಶಕ್ಕೆ ಅನ್ವಯಿಸುವ ಒಪ್ಪಂದ ಮಾಡಿಕೊಂಡವು. ಅಷ್ಟರಲ್ಲಿ ಗಾಡಿಗಳು ಸಾಕೆಟ್ಟಿನ ಬದಲು ನೇರ ಆಕಾಶದ ಮೂಲಕ ಕಂಪನಿಗೆ ವರದಿ ಒಪ್ಪಿಸಲು ಕಲಿತಿದ್ದವು. 2020ರಲ್ಲಿ ಅದರ ಬಗ್ಗೆ ಮತ್ತೆ ಮತ, ಈ ಬಾರಿ ನೂರಕ್ಕೆ 75. ತಯಾರಕರ ಸಂಘ ಅದೇ ತಿಂಗಳು ನ್ಯಾಯಾಲಯಕ್ಕೆ ಹೋಯಿತು.

ಈ ವ್ಯಾಜ್ಯಗಳಿಂದ ದೂರ, ಸೌಟಿನ ಎಂಜಿನ್ನಿನ ಶೆವರ್ಲೆಯನ್ನೋ ಎಫ್-100 ಅನ್ನೋ ಇಂದು ಇಟ್ಟುಕೊಂಡವರಿಗೆ ಹಳೇ ಪುಸ್ತಕದಲ್ಲಿ ಉತ್ತರವಿಲ್ಲದ ಪ್ರಶ್ನೆಗಳು ಬಂದಿವೆ. ಕ್ಯಾಟಲಿಟಿಕ್ ಕನ್ವರ್ಟರ್ ಕೆಡಬಾರದೆಂದು ಈಗಿನ ಎಂಜಿನ್ ಆಯಿಲ್‌ನಲ್ಲಿ ಸತು ಮತ್ತು ರಂಜಕದ ಅಂಶ ಕಡಿಮೆ ಮಾಡಿದ್ದಾರೆ. ಹಳೇ ಎಂಜಿನ್ನಿನ ಚಪ್ಪಟೆ ಟಪೆಟ್‌ಗಳನ್ನು ಸವೆಯದಂತೆ ಕಾಯುತ್ತಿದ್ದದ್ದೇ ಅದು. ಹಾಗಾಗಿ ಆ ಅಂಶ ಉಳಿಸಿಕೊಂಡ ಆಯಿಲ್ ಹುಡುಕಬೇಕು, ಇಲ್ಲವೇ ಬೇರೆ ತಂದು ಬೆರೆಸಬೇಕು. ಪೆಟ್ರೋಲಿಗೆ ಎಥೆನಾಲ್ ಸೇರಿದೆ. ಅದು ಐವತ್ತರ ದಶಕದ ರಬ್ಬರನ್ನು ಮೆತ್ತಗೆ ಮಾಡಿ ಬಿರಿಸುತ್ತದೆ, ಟ್ಯಾಂಕಿನ ತಳದಲ್ಲಿ ಎಷ್ಟೋ ವರ್ಷದಿಂದ ಮಲಗಿದ್ದ ಕೊಳೆಯನ್ನು ಎಬ್ಬಿಸಿ ಕಾರ್ಬ್ಯುರೇಟರಿಗೆ ತರುತ್ತದೆ. ನಮ್ಮ ಬಂಕುಗಳಲ್ಲೂ ಈಗ ಸಿಗುವುದು ನೂರಕ್ಕೆ 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲ್. ಹಳೇ ಪೆಟ್ರೋಲ್ ಗಾಡಿ ಇಟ್ಟುಕೊಂಡವರು ಟ್ಯಾಂಕಿನಿಂದ ಎಂಜಿನ್‌ವರೆಗಿನ ಪೈಪನ್ನು ಒಮ್ಮೆ ಬೆರಳಲ್ಲಿ ಒತ್ತಿ ನೋಡಿ. ಅಂಟಂಟಾಗಿದ್ದರೆ, ಒತ್ತಿದಲ್ಲಿ ಬಿರುಕು ಕಂಡರೆ, ಎಥೆನಾಲ್ ತಾಳುವ ಪೈಪು ತಂದು ಹಾಕಿಕೊಳ್ಳಿ, ಎರಡು ತುದಿಯ ಕ್ಲಿಪ್ಪುಗಳ ಸಮೇತ. ಕೆಲಸ ಶುರುಮಾಡುವ ಮೊದಲು ಎಂಜಿನ್ ಪೂರ್ತಿ ತಣ್ಣಗಾಗಿರಲಿ, ಬ್ಯಾಟರಿಯ ತಂತಿ ಬಿಚ್ಚಿರಲಿ.